ತೋಳಿನ ಜೋಡು

ಕೆಲಸ ಕಲಿಯಬೇಕೆಂದು ಆಸೆಯಿಂದ ಹೋಗಿ, ಯಾರದೋ ಒಂದು ಮಾತಿಗೆ ಮನಸ್ಸು ಮುರಿದು ಮನೆಗೆ ವಾಪಸು ಬಂದವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ? ನಾನಂತೂ ಒಬ್ಬಳು.

ಮದುವೆಯಾದ ಹೊಸದರಲ್ಲಿ ಊರಿನ ಒಂದು ಹೊಲಿಗೆ ತರಗತಿಗೆ ಸೇರಿದ್ದೆ. ಒಂದು ದಿನ ರವಿಕೆ ಕತ್ತರಿಸುವಾಗ, ಹೊಲಿಗೆಗೆಂದು ಅಂಚಿನಲ್ಲಿ ಬಿಡಬೇಕಾದ ಬಟ್ಟೆ ಬಿಡದೆ, ಅಳತೆಗೆ ಸರಿಯಾಗಿ ಕತ್ತರಿಸಿಬಿಟ್ಟೆ. ಕಲಿಸುತ್ತಿದ್ದಾಕೆ ಅದನ್ನು ಎಲ್ಲರೆದುರು ಎತ್ತಿ ಹಿಡಿದು, "ಇದೇನಮ್ಮಾ, ತೊಟ್ಟಿಲ ಕೂಸಿಗೆ ರವಿಕೆಯಾ?" ಅಂದರು. ತರಗತಿಗೆ ತರಗತಿಯೇ ನಕ್ಕಿತು. ಮರುದಿನ ತಲೆನೋವು ಅಂದೆ. ಅದರ ಮರುದಿನ ನೆಂಟರು ಬಂದಿದ್ದಾರೆ ಅಂದೆ. ಆಮೇಲೆ ಆ ಕಡೆ ತಲೆ ಹಾಕಲೇ ಇಲ್ಲ. ತವರಿನಿಂದ ಬಂದಿದ್ದ ಹೊಲಿಗೆ ಮೆಷಿನ್ನು ಹದಿನೆಂಟು ವರ್ಷ ಇಸ್ತ್ರಿಗೆ ಕಾದ ಬಟ್ಟೆ ಹೊತ್ತುಕೊಂಡು ಮೂಲೆಯಲ್ಲಿ ನಿಂತಿತ್ತು.

ಈಗ ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮೂರ ಮಕ್ಕಳು ರಜಕ್ಕೆ ಬಂದಾಗ ಮಾತುಮಾತಿಗೆ "ಎಚ್.ಆರ್.ನವರು ಕರೆದಿದ್ದರು, ಟ್ರೈನಿಂಗ್ ಇತ್ತು" ಅನ್ನುತ್ತವೆ. ಎಚ್.ಆರ್. ಅಂದರೆ ಕನ್ನಡದಲ್ಲಿ ಮಾನವ ಸಂಪನ್ಮೂಲ. ಜನರನ್ನು ಆರಿಸಿ, ಕೆಲಸ ಕಲಿಸಿ, ಬೆಳೆಸುವ ವಿಭಾಗ. ನಮ್ಮ ದೇಶದಲ್ಲಿ 1975ರಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿ ಇಂಥದೊಂದು ಪ್ರತ್ಯೇಕ ವಿಭಾಗ ತೆರೆಯಿತು. ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಎಂಬ ಅಹಮದಾಬಾದಿನ ಇಬ್ಬರು ಪ್ರಾಧ್ಯಾಪಕರು ಅದಕ್ಕೆ ದಾರಿ ತೋರಿಸಿದವರು. 1985ರಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಇಲಾಖೆಗೂ ಇದೇ ಹೆಸರಿಟ್ಟಿತ್ತು. 2020ರಲ್ಲಿ ಮತ್ತೆ ಶಿಕ್ಷಣವೆಂದೇ ಬದಲಾಯಿಸಿತು. ಒಳ್ಳೆಯದೇ ಆಯಿತು ಅನ್ನಿ. ಸಂಪನ್ಮೂಲ ಅಂದರೆ ನನಗೆ ಕಲ್ಲಿದ್ದಲು, ಕಬ್ಬಿಣದ ಅದಿರೇ ನೆನಪಾಗುತ್ತದೆ. ಬೈದರೆ ಅದಿರು ಮುನಿಸಿಕೊಂಡು ಮನೆಗೆ ಹೋಗುವುದಿಲ್ಲವಲ್ಲ!

ದೊಡ್ಡ ಕಂಪನಿಯ ಮಾತು ನಮಗೇಕೆ ಅನ್ನಬೇಡಿ. ನಮ್ಮ ದಕ್ಷಿಣ ಕನ್ನಡದ ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಕಟ್ಟಿದ್ದು. ಹಳ್ಳಿಯ ನಿರುದ್ಯೋಗಿಗಳಿಗೆ ಕೆಲಸ ಕಲಿಸುವುದು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಕಲಿಸಿ ಕೈತೊಳೆದುಕೊಳ್ಳುವುದಿಲ್ಲ, ಆಮೇಲೆ ಎರಡು ವರ್ಷ "ಅಂಗಡಿ ಇಟ್ಟೆಯಾ, ಸಾಲ ಸಿಕ್ಕಿತಾ" ಎಂದು ವಿಚಾರಿಸುತ್ತಾರೆ. ಇದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಈಗ ದೇಶದಲ್ಲಿ 500ಕ್ಕೂ ಹೆಚ್ಚು ಇವೆ. ನಿಮ್ಮ ಜಿಲ್ಲೆಯಲ್ಲೂ ಇರುತ್ತದೆ, ಬ್ಯಾಂಕಿನಲ್ಲಿ ಕೇಳಿ ನೋಡಿ.

2022ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಅಂಥದೊಂದು ತರಬೇತಿಗೆ ನಾನೂ ಹೋದೆ. ನಮ್ಮವರು, "ತಿಂಗಳು ಪೂರ್ತಿ ಇರ್ತೀಯೇನು?" ಅಂತ ನಕ್ಕರು. ನನಗೂ ಅದೇ ಅನುಮಾನ!

ಮೊದಲ ದಿನ ಕತ್ತರಿ, ಟೇಪು ಏನೂ ಕೊಡಲಿಲ್ಲ. ಆಟ ಆಡಿಸಿದರು. ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಎಡಗೈಯಲ್ಲಿ ಮರದ ಚಿಕ್ಕ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಲು ಹೇಳಿದರು. "ಎಷ್ಟು ಇಡ್ತೀರಿ?" ಎಂದರೆ ಆರು ಅಂದೆ. ಸುತ್ತ ನಿಂತವರಿಗೆ ಗುಟ್ಟಾಗಿ ಏನೋ ಹೇಳಿಕೊಟ್ಟಿದ್ದರು ಅಂತ ಕಾಣುತ್ತದೆ. "ಬಿತ್ತು ಬಿತ್ತು", "ಇವರ ಕೈಲಿ ಆಗಲ್ಲ ಬಿಡಿ" ಅನ್ನತೊಡಗಿದರು. ಐದನೆಯದಕ್ಕೇ ಕುಸಿಯಿತು. ಎರಡನೆಯ ಸಲ ಅವರೇ, "ಸ್ವಲ್ಪ ಬಲಕ್ಕೆ ಅಕ್ಕಾ... ಹಾಂ, ಈಗ ಬಿಡಿ" ಅಂದರು. ಹನ್ನೊಂದು ಬಿಲ್ಲೆ ನಿಂತಿತು. ಕೈ ಅದೇ, ಕಣ್ಣಿನ ಕಟ್ಟೂ ಅದೇ. ಬಟ್ಟೆ ಬಿಚ್ಚಿದಾಗ ನನ್ನ ಕಣ್ಣು ಒದ್ದೆಯಾಗಿತ್ತು; ಯಾರಿಗೂ ಕಾಣದ ಹಾಗೆ ಅದೇ ಬಟ್ಟೆಯಿಂದ ಒರೆಸಿಕೊಂಡೆ.

ಇನ್ನೊಂದು ಆಟ, ಕಡ್ಡಿಗೆ ರಿಂಗು ಎಸೆಯುವುದು. ಎಷ್ಟು ದೂರ ನಿಲ್ಲಬೇಕೆಂಬುದು ನಮ್ಮಿಷ್ಟ. ತೀರಾ ಹತ್ತಿರ ನಿಂತವರು ಸೋಲಿಗೆ ಅಂಜುವವರು, ತೀರಾ ದೂರ ನಿಂತವರು ಅದೃಷ್ಟ ನಂಬಿದವರು, ನಡುವೆ ನಿಂತವರು ಲೆಕ್ಕ ಹಾಕುವವರು ಅಂತೆ. ನಾನು ಎಲ್ಲಿ ನಿಂತೆ ಅಂತ ಹೇಳಲೇಬೇಕೇ? ಇಂಥ ತರಬೇತಿಯ ಹಿಂದಿನ ವಿಚಾರ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲಂಡ್ ಅವರದು. 1964ರಲ್ಲಿ ಆಂಧ್ರದ ಕಾಕಿನಾಡದ 52 ಸಣ್ಣ ಉದ್ಯಮಿಗಳಿಗೆ ತರಬೇತಿ ಕೊಡಿಸಿ, ಸಾಧಿಸುವ ಛಲವನ್ನು ದೊಡ್ಡವರಾದ ಮೇಲೂ ಬೆಳೆಸಬಹುದೆಂದು ತೋರಿಸಿದವರು.

ತಿಂಗಳು ಮುಗಿಸಿಯೇ ಬಂದೆ. ಮೆಷಿನ್ನಿಗೆ ಎಣ್ಣೆ ಬಿಟ್ಟೆ. ವರ್ಷದೊಳಗೆ ಕೆಲಸ ಜಾಸ್ತಿಯಾಗಿ, ಪಿಯುಸಿ ಅರ್ಧಕ್ಕೆ ಬಿಟ್ಟಿದ್ದ ಪಕ್ಕದ ಬೀದಿಯ ಹುಡುಗಿಯನ್ನು ಸಹಾಯಕ್ಕೆ ಕರೆದೆ. ಹುಕ್ಕು, ಹೆಮ್ಮಿಂಗು, ಫಾಲು ಚೆನ್ನಾಗಿ ಕಲಿತಳು. ಕತ್ತರಿ ಕೊಟ್ಟೆ.

ಕಳೆದ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ. ರೇಷ್ಮೆ ರವಿಕೆಯ ಎರಡು ತೋಳನ್ನೂ ಒಂದೇ ಕೈಗೆ ಬರುವಂತೆ ಕತ್ತರಿಸಿಟ್ಟಿದ್ದಳು. ಜರಿಯಂಚಿನ ಬಟ್ಟೆ, ಮತ್ತೆ ಕತ್ತರಿಸೋಣವೆಂದರೆ ಒಂದು ಗೇಣು ಅಂಚೂ ಉಳಿದಿಲ್ಲ. ಗೋಪುರದ ಆಟ ಆಡಿ ಕಣ್ಣೀರು ಹಾಕಿದ ನಾನೇ, ಎದುರಿಗೆ ಇಬ್ಬರು ಗಿರಾಕಿಗಳು ಕೂತಿರುವಾಗ, "ಕಣ್ಣೇನು ನೆತ್ತಿ ಮೇಲಿತ್ತೇನೇ?" ಅಂದುಬಿಟ್ಟೆ. ಅವರು ನಕ್ಕರು. ಹುಡುಗಿ ದಾರದ ಚೂರು ಗುಡಿಸಿಟ್ಟು ಹೋದಳು.

ಮರುದಿನ ಬೆಳಿಗ್ಗೆ ತಮ್ಮನ ಕೈಲಿ ಹೇಳಿ ಕಳಿಸಿದಳು. ತಲೆನೋವಂತೆ.

ಆ ಮಾತು ಕೇಳಿ ನಾನು ಕೂತಲ್ಲೇ ತಣ್ಣಗಾದೆ. ಅನ್ನಕ್ಕೆ ಇಟ್ಟಿದ್ದ ಕುಕ್ಕರ್ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೆ ಹೋದೆ. ಬಾಗಿಲ ಹಿಂದೆ ನಿಂತಿದ್ದಳು. "ತಪ್ಪಾಯ್ತು ಕಣೇ, ನಾಲ್ಕು ಜನರ ಮುಂದೆ ಹಾಗೆ ಅನ್ನಬಾರದಿತ್ತು. ನನ್ನ ತೊಟ್ಟಿಲ ರವಿಕೆಯ ಕಥೆ ಹೇಳ್ತೀನಿ, ಬಾ" ಅಂದೆ. ಅವಳು ಮಾತಾಡಲಿಲ್ಲ. ಅವಳಮ್ಮ ಕಾಫಿ ಕೊಟ್ಟರು. ಮಧ್ಯಾಹ್ನ ಎರಡು ಗಂಟೆಗೆ ಬಂದಳು.

ಇಬ್ಬರೂ ಕೂತು, ಉಳಿದ ಚೂರಿನಲ್ಲಿ ಅರ್ಧಚಂದ್ರದ ಹಾಗೆ ಒಂದು ತುಂಡು ಕತ್ತರಿಸಿ, ತೋಳಿನ ಹಿಂಭಾಗಕ್ಕೆ, ಕಂಕುಳ ಹತ್ತಿರ ಜೋಡು ಕೊಟ್ಟೆವು. ಕತ್ತರಿ ಅವಳ ಕೈಯಲ್ಲೇ ಇತ್ತು. ಗಿರಾಕಿ ಬಂದಾಗ ಆದದ್ದನ್ನು ಮುಚ್ಚಿಡದೆ ಹೇಳಿದೆ, ಹೊಲಿಗೆಯ ದುಡ್ಡು ಬೇಡವೆಂದೆ. ಆಕೆ ರವಿಕೆ ತೊಟ್ಟು, ಕನ್ನಡಿಯೆದುರು ತೋಳೆತ್ತಿ ಹಿಂದೆ ಮುಂದೆ ತಿರುಗಿ, "ಎಲ್ಲಿದೆ ಜೋಡು?" ಎಂದು ಕೇಳಿದರು.

ಹುಡುಗಿಯೇ ಎದ್ದು ಹೋಗಿ ತೋರಿಸಿದಳು.