ಕಾರಿನ ಎಂಜಿನ್ ಶುಚಿ ಮಾಡುವಾಗ ವಹಿಸಬೇಕಾದ ಎಚ್ಚರ

ಕಾರಿನ ಹೊರಮೈಯನ್ನು ವಾರಕ್ಕೊಮ್ಮೆ ತೊಳೆದು ಒರೆಸುವ ಗೃಹಸ್ಥರು ಅನೇಕರು. ಬಾನೆಟ್ಟನ್ನೆತ್ತಿ ಒಳಗೆ ದೃಷ್ಟಿ ಹಾಯಿಸುವವರು ವಿರಳ. ಒಳಗೆ ಕುಳಿತ ಎಣ್ಣೆಯ ಜಿಡ್ಡು, ಒಣಗಿದ ಎಲೆ, ಇಲಿಯ ಗೂಡು ಇವೆಲ್ಲ ಬೆಂಕಿಗೆ ಆಹಾರವಾಗಬಲ್ಲವು. ಇಲಿ ಕಡಿದ ತಂತಿಯೂ ಹೊಸ ಸೋರಿಕೆಯೂ ಈ ಕೊಳೆಯಲ್ಲಿ ಮರೆಯಾಗುತ್ತವೆ. ಆದುದರಿಂದ ಎಂಜಿನ್ನಿನ ಶುಚಿತ್ವವು ಅಂದಕ್ಕಿಂತ ಮಿಗಿಲಾಗಿ ಮನೆಮಂದಿಯ ಸುರಕ್ಷತೆಗೆ ಸಂಬಂಧಿಸಿದ್ದೆಂಬುದನ್ನು ನಾವು ಮನಗಾಣಬೇಕು.

ಈ ಕೆಲಸಕ್ಕೆ ಮೊದಲು ಬೇಕಾದುದು ತಾಳ್ಮೆ. ಓಡಿ ಬಂದ ಎಂಜಿನ್ ಪೂರ್ಣವಾಗಿ ಆರಬೇಕು. ಕಾರು ಹೊರಡದಿರುವ ಮುಂಜಾನೆಯೇ ಪ್ರಶಸ್ತ ಕಾಲ. ರೇಡಿಯೇಟರಿನ ದ್ರವವು ಒತ್ತಡದಲ್ಲಿರುವುದರಿಂದ 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಇರಬಲ್ಲದು. ಬಿಸಿಯಿರುವಾಗ ಮುಚ್ಚಳ ತೆರೆದರೆ ಒಮ್ಮೆಲೆ ಉಕ್ಕಿ ಮುಖ, ಕೈಗಳನ್ನು ಸುಡುತ್ತದೆ. ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಫ್ಯಾನು ತಾನಾಗಿ ತಿರುಗುವುದುಂಟು. ಆದ್ದರಿಂದ ಕೀಲಿ ತೆಗೆದಿಟ್ಟು, ಕಾರಿನ ಕೈಪಿಡಿಯನ್ನು ನೋಡಿಕೊಂಡು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಬೇಕು. ಮರಳಿ ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಬೇಕು.

ತರುವಾಯ ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ, ಗಾಳಿ ಒಳಹೋಗುವ ಬಾಯಿ ಇವುಗಳಿಗೆ ಪ್ಲಾಸ್ಟಿಕ್ ಚೀಲವನ್ನು ಬಿಗಿಯಾಗಿ ಕಟ್ಟಬೇಕು. ಒಣ ಕಸವನ್ನು ಬ್ರಷ್ಷಿನಿಂದ ತೆಗೆದು, ಜಿಡ್ಡಿರುವಲ್ಲಿ ಸೌಮ್ಯವಾದ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ವಾಟರ್ ಸರ್ವೀಸಿನವರಂತೆ ರಭಸದ ನೀರು ಹಾಯಿಸಿದರೆ ತಂತಿಗಳ ಕೂಡುಗಳೊಳಗೆ ತೇವ ಸೇರಿ ಕಾರು ಚಾಲೂ ಆಗದಿರಬಹುದು. ಜಿಡ್ಡು ಬೇಗ ಬಿಡುವುದೆಂದು ಪೆಟ್ರೋಲನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಎಂದಿಗೂ ಬಳಸಲಾಗದು. ಅವುಗಳ ಆವಿಗೆ ಒಂದು ಕಿಡಿ ಸಾಕು. ಹೈಬ್ರಿಡ್ ಹಾಗೂ ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳು ಪ್ರಾಣಾಪಾಯಕರ. ಅಂತಹ ಕಾರುಗಳನ್ನು ಬಲ್ಲವರಿಗೇ ಒಪ್ಪಿಸುವುದು ಲೇಸು.

ಎಲ್ಲವೂ ಒಣಗಿದ ಮೇಲೆ ಚೀಲಗಳನ್ನು ಬಿಚ್ಚಿ, ಒಳಗೆ ಬಟ್ಟೆ ಉಳಿದಿಲ್ಲವೆಂದು ನೋಡಿ, ಎಂಜಿನ್ನನ್ನು ಬಯಲಿನಲ್ಲಿಯೇ ಚಾಲೂ ಮಾಡಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆಯು ಪ್ರಾಣಕ್ಕೆ ಎರವಾದೀತು.

ಇನ್ನೊಂದು ಮಾತು. ಕೂಲೆಂಟ್ ದ್ರವದಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನೆಲಕ್ಕೆ ಚೆಲ್ಲಿದ್ದನ್ನು ಮಕ್ಕಳೂ ಸಾಕುಪ್ರಾಣಿಗಳೂ ಮುಟ್ಟದಂತೆ ಕೂಡಲೇ ಒರೆಸಬೇಕು. ಜಿಡ್ಡಿನ ನೀರನ್ನು ಬಾವಿಯ ಬಳಿಗಾಗಲಿ ಚರಂಡಿಗಾಗಲಿ ಹರಿಯಬಿಡಬಾರದು. ನಮ್ಮ ಕಾರಿನ ಕೊಳೆ ನೆರೆಯವರ ನೀರಿಗೆ ಸೇರಿದರೆ ಅದನ್ನು ಶುಚಿತ್ವವೆನ್ನಲು ಬಾರದು.