ದಿಂಬಂ ಘಟ್ಟವೂ ಸೈಕಲ್ ಸವಾರನೂ

ಸತ್ತೇಗಾಲದ ಬಳಿ ಕಾವೇರಿಯನ್ನು ದಾಟಿ ಬರುವ ಹೆದ್ದಾರಿಯನ್ನು ನಮ್ಮ ಭಾಗದವರೆಲ್ಲರೂ ಬಲ್ಲರು. ಹಿಂದೆ 209 ಎಂದಿದ್ದ ಅದರ ಸಂಖ್ಯೆ ಈಗ 948. ಕೊಳ್ಳೇಗಾಲ, ಯಳಂದೂರು, ಚಾಮರಾಜನಗರಗಳನ್ನು ಹಾದು, ಪುಣಜನೂರಿನ ಕಾಡನ್ನು ಹೊಕ್ಕು, ಹಾಸನೂರನ್ನು ಹಿಂದಿಕ್ಕಿದ ಮೇಲೆ ಈ ರಸ್ತೆ ಮೈಸೂರು ಪ್ರಸ್ಥಭೂಮಿಯ ಅಂಚಿಗೆ ಬಂದು ನಿಲ್ಲುತ್ತದೆ. ಅದೇ ದಿಂಬಂ. ಅಲ್ಲಿಂದ ಬಣ್ಣಾರಿಯ ಬಯಲಿಗೆ 27 ಹೇರ್‌ಪಿನ್ ತಿರುವುಗಳ ಇಳಿತ. ಸಮೀಪದ ಗಜ್ಜಲಹಟ್ಟಿ ಕಣಿವೆಯ ಮಾರ್ಗವಾಗಿ 1790ರಲ್ಲಿ ಟೀಪೂ ಸುಲ್ತಾನನ ಸೇನೆ ಇಳಿದು ಸತ್ಯಮಂಗಲದ ಕಡೆಗೆ ನಡೆದಿದ್ದಿತು. ಈಗ ಈ ಘಟ್ಟವನ್ನು ಅರಸಿ ಬರುವವರಲ್ಲಿ ದೂರದೂರಿನ ಸೈಕಲ್ ಸವಾರರೂ ಇದ್ದಾರೆ.

ಇವರಿಗೆ ಏರುದಾರಿಯ ಮೇಲೆ ಇಷ್ಟೇಕೆ ಮೋಹ? ಬಯಲಿನಲ್ಲಿ ಸವಾರನಿಗೆ ಎದುರಾಳಿ ಗಾಳಿ. ಮುಂದಿನವನ ಬೆನ್ನ ಮರೆಯಲ್ಲಿ ಸಾಗಿದವನು ಶ್ರಮವನ್ನು ಉಳಿಸಿಕೊಳ್ಳುತ್ತಾನೆ. ಏರಿನಲ್ಲಿ ವೇಗ ಕುಗ್ಗುವುದರಿಂದ ಆ ಮರೆಯ ಪ್ರಯೋಜನ ಅತ್ಯಲ್ಪ; ಭೂಮಿಯ ಸೆಳೆತದೊಡನೆ ಪ್ರತಿಯೊಬ್ಬನೂ ತಾನೇ ಸೆಣಸಬೇಕು. ಆದುದರಿಂದಲೇ ದೊಡ್ಡ ಪಂದ್ಯಗಳ ಜಯಾಪಜಯ ಬೆಟ್ಟಗಳಲ್ಲಿ ತೀರ್ಮಾನವಾಗುವುದುಂಟು. ಫ್ರಾನ್ಸಿನ ಆಲ್ಪ್ ದ್ಯುಯೆಜ್ ಏರಿನಲ್ಲಿ 21 ತಿರುವುಗಳು, ಸುಮಾರು 13.8 ಕಿಲೋಮೀಟರ್ ಉದ್ದ, ನೂರಕ್ಕೆ 8ರಷ್ಟು ಸರಾಸರಿ ಏರು. 1952ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯ ಮೊದಲ ಬಾರಿಗೆ ಅಲ್ಲಿಗೆ ಏರಿದಾಗ ಗೆದ್ದ ಇಟಲಿಯ ಫೌಸ್ಟೊ ಕೊಪ್ಪಿಯೇ ಆ ವರ್ಷದ ಇಡೀ ಪಂದ್ಯವನ್ನೂ ಗೆದ್ದನು.

ನೂರಕ್ಕೆ 8ರ ಏರೆಂದರೆ ನೂರು ಮೀಟರ್ ಸಾಗುವಷ್ಟರಲ್ಲಿ 8 ಮೀಟರ್ ಎತ್ತರ. ಸವಾರನೂ ಸೈಕಲ್ಲೂ ಸೇರಿ 80 ಕಿಲೋ ತೂಗಿದರೆ, ಸುಮಾರು 6.4 ಕಿಲೋ ತೂಕದಷ್ಟು ಬಲ ಅವನನ್ನು ಎಡೆಬಿಡದೆ ಹಿಂದಕ್ಕೆ ಜಗ್ಗುತ್ತಿರುತ್ತದೆ. ನಮ್ಮ ಮನೆಗಳ ಸಾಧಾರಣ ಸೈಕಲ್ಲಿನಲ್ಲಿ ಪೆಡಲನ್ನು ಒಂದು ಸುತ್ತು ತುಳಿದರೆ ಸುಮಾರು 5 ಮೀಟರ್ ಸಾಗುತ್ತೇವೆ; ಅಂದರೆ ಒಂದೊಂದು ಸುತ್ತಿಗೂ 40 ಸೆಂಟಿಮೀಟರ್ ಮೇಲಕ್ಕೆ ಎತ್ತಿಕೊಳ್ಳಬೇಕು. ಪಂದ್ಯದ ಸೈಕಲ್ಲಿನ ಕಿರಿಯ ಗಿಯರಿನಲ್ಲಿ ಇದು ಅರ್ಧಕ್ಕೆ ಇಳಿಯುತ್ತದೆ. ಒಟ್ಟು ಕೆಲಸ ಕಡಮೆಯಾಗದು; ಕಾಲು ತಾಳುವ ತುಣುಕುಗಳಾಗಿ ಹಂಚಿಹೋಗುತ್ತದೆ, ಅಷ್ಟೆ. ನಾಡಿಗೆ ಹೆಸರು ತಂದ ಸೈಕಲ್ ಪಟುಗಳಲ್ಲಿ ಬಹುಮಂದಿ ವಿಜಯಪುರ, ಬಾಗಲಕೋಟೆಗಳ ಬಯಲುಸೀಮೆಯವರು. ಘಟ್ಟಗಳ ನೆರೆಯಲ್ಲೇ ಬೆಳೆಯುವ ನಮ್ಮ ಮಕ್ಕಳಿಗೆ ಗಿಯರುಳ್ಳ ನಾಲ್ಕು ಸೈಕಲ್ಲುಗಳಾದರೂ ದೊರೆಯಲೆಂದು ಈ ಲೇಖಕನ ಆಸೆ.

ಆದರೆ ನಮ್ಮ ಕಡೆಯಿಂದ ಹೊರಟವನಿಗೆ ಒಂದು ವಿಶೇಷ ತೊಡಕುಂಟು. ಬಣ್ಣಾರಿಯವನು ಮೊದಲು ಏರಿ ಅನಂತರ ಇಳಿಯುತ್ತಾನೆ. ನಮ್ಮವನಿಗೆ ಇಳಿತವೇ ಮೊದಲು, ದಣಿದ ಮೇಲೆ ಏರು. ಇಳಿತ ಸುಲಭವೆಂದು ಹುಡುಗರು ಭಾವಿಸುವುದು ಅಪಾಯಕರ. 80 ಕಿಲೋ ಭಾರ 100 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಒಂದು ಲೀಟರ್ ನೀರನ್ನು ಸುಮಾರು 19 ಡಿಗ್ರಿಯಷ್ಟು ಬಿಸಿಮಾಡಬಲ್ಲದು. ಗಾಳಿ ಹೀರಿಕೊಂಡು ಉಳಿದುದೆಲ್ಲ ಬ್ರೇಕಿಗೇ ಸೇರತಕ್ಕದ್ದು. ಬ್ರೇಕನ್ನು ಸತತವಾಗಿ ಹಿಡಿದೇ ಇರದೆ, ತಿರುವಿಗೆ ಮುನ್ನ ಹಿಡಿದು ವೇಗ ತಗ್ಗಿಸಿ, ತಿರುವಿನೊಳಗೆ ಸಡಿಲಿಸಬೇಕು. ಸವೆದ ಬ್ರೇಕ್ ರಬ್ಬರಿನ ಸೈಕಲ್ಲನ್ನು ಘಟ್ಟಕ್ಕೆ ಒಯ್ಯಲೇಬಾರದು.

ಇದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ದಾರಿ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿತು; ಭಾರಿ ವಾಹನಗಳಿಗೆ ಸಂಜೆ 6ರಿಂದ, ಲಘು ವಾಹನಗಳಿಗೆ ರಾತ್ರಿ 9ರಿಂದ, ಬೆಳಿಗ್ಗೆ 6ರವರೆಗೆ. ತಡೆ ತೆರೆದೊಡನೆ ಕಾದು ನಿಂತ ಲಾರಿಗಳು ಒಟ್ಟಾಗಿ ಹೊರಡುತ್ತವೆ. ಉದ್ದನೆಯ ಲಾರಿಗೆ ತಿರುವಿನಲ್ಲಿ ರಸ್ತೆಯ ಅಗಲವೆಲ್ಲವೂ ಬೇಕು. ಆಗ ಸೈಕಲ್ಲಿನವನು ತಿರುವಿಗೆ ಮೊದಲೇ ಬದಿಗೆ ನಿಂತು ಅದಕ್ಕೆ ದಾರಿ ಬಿಡತಕ್ಕದ್ದು.