ಹಂಚಿಕೆಯ ಫೋಲ್ಡರು: ಯಾರಿಗೆ ಎಷ್ಟು ಅಧಿಕಾರ?

ಪುಸ್ತಕಗಳ ಯಾದಿ, ಸದಸ್ಯರ ವಿಳಾಸ, ಚಂದಾ ಲೆಕ್ಕ, ಬುಲೆಟಿನ್ನಿನ ಲೇಖನಗಳು ಎಲ್ಲವೂ ಈಗ ಕಂಪ್ಯೂಟರನ್ನು ಸೇರಿವೆಯಷ್ಟೆ. ಎರಡು ಮೂರು ಯಂತ್ರಗಳಿರುವ ಸಂಘಗಳಲ್ಲಿ ಒಂದರ ಫೋಲ್ಡರನ್ನು ಉಳಿದವುಗಳಿಗೂ ಕಾಣುವಂತೆ ಮಾಡುವುದು ವಾಡಿಕೆ. “ಎಲ್ಲರಿಗೂ ಎಲ್ಲವನ್ನೂ ತೆರೆದಿಡಿ, ತಕರಾರೇ ಬೇಡ” ಎನ್ನುವವರು ಬಹಳ. ಪೇಪರು ಓದಲು ಬಂದ ಅಪರಿಚಿತನೊಬ್ಬ ನಾನೂರು ಮನೆಗಳ ಫೋನ್ ನಂಬರನ್ನು ನಕಲು ಮಾಡಿಕೊಂಡು ಹೋಗಬಹುದೆಂಬುದು ಅವರಿಗೆ ಹೊಳೆಯುವುದಿಲ್ಲ. ಸದಸ್ಯರು ನಂಬರು ಕೊಟ್ಟದ್ದು ಸಂಘಕ್ಕೆ, ಬೀದಿಗಲ್ಲ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯುನಿಕ್ಸ್ ವ್ಯವಸ್ಥೆಯನ್ನು ಆರಂಭಿಸಿದರು. ಅದು ಬೆಳೆಯುತ್ತ ರೂಪುಗೊಂಡ ಏರ್ಪಾಡೇ ಇಂದಿನ ಲಿನಕ್ಸಿನಲ್ಲಿಯೂ ಇದೆ. ಪ್ರತಿ ಫೈಲಿಗೂ ಒಬ್ಬ ಒಡೆಯ, ಒಂದು ಗುಂಪು, ಮಿಕ್ಕವರು ಎಂದು ಮೂರು ವರ್ಗ. ಒಂದೊಂದು ವರ್ಗಕ್ಕೂ ಓದುವುದು, ಬರೆಯುವುದು, ನಡೆಸುವುದು ಎಂದು ಮೂರು ಹಕ್ಕು. ಓದಲು 4, ಬರೆಯಲು 2, ನಡೆಸಲು 1 ಎಂದು ಅಂಕಿಯಿಟ್ಟು ಕೂಡಿಸುತ್ತಾರೆ. ಲೆಕ್ಕದ ಫೈಲಿಗೆ 640 ಎಂದರೆ, ಒಡೆಯನಾದ ಖಜಾಂಚಿ ಓದಿ ಬರೆಯಬಹುದು, ಕಾರ್ಯಕಾರಿ ಸಮಿತಿಯ ಗುಂಪು ಓದಬಹುದು, ಮಿಕ್ಕವರಿಗೆ ಏನೂ ಇಲ್ಲ. 777 ಎಂಬುದು ಬಾಗಿಲನ್ನೇ ಕಿತ್ತಿಟ್ಟಂತೆ.

ಫೋಲ್ಡರಿಗೆ ಬಂದಾಗ ಈ ಹಕ್ಕುಗಳ ಅರ್ಥ ಬೇರೆಯಾಗುತ್ತದೆ; ಹೆಚ್ಚಿನವರು ಎಡವುವುದು ಇಲ್ಲಿಯೇ. ಓದುವ ಹಕ್ಕೆಂದರೆ ಒಳಗಿನ ಹೆಸರುಗಳ ಪಟ್ಟಿಯನ್ನು ನೋಡುವುದು. ನಡೆಸುವ ಹಕ್ಕೆಂದರೆ ಒಳಹೊಕ್ಕು ಹೋಗುವುದು. ಅದಿಲ್ಲದಿದ್ದರೆ ಒಳಗಿನ ಫೈಲು ತೆರೆಯದು. ಇವೆರಡರ ಜೊತೆಗೆ ಬರೆಯುವ ಹಕ್ಕೂ ಇದ್ದವನು ಹೊಸ ಫೈಲನ್ನು ಇಡಬಹುದು, ಇದ್ದದ್ದನ್ನು ಅಳಿಸಲೂ ಬಹುದು. ಆದುದರಿಂದ ಲೆಕ್ಕದ ಫೈಲು 640 ಇದ್ದರೂ, ಅದನ್ನಿಟ್ಟ ಫೋಲ್ಡರು 770 ಆಗಿದ್ದರೆ, ಒಂದಕ್ಷರವನ್ನೂ ತಿದ್ದಲಾಗದ ಸಮಿತಿಯ ಸದಸ್ಯರು ಇಡೀ ಫೈಲನ್ನೇ ಅಳಿಸಿಬಿಡಬಹುದು! ಲೆಕ್ಕದ ಫೋಲ್ಡರಿಗೆ 750 ಸಾಕು. ಅನೇಕರು ಬರೆಯಲೇಬೇಕಾದ ಫೋಲ್ಡರಾದರೆ ಮುಂದೊಂದು 1 ಸೇರಿಸಿ 1770 ಮಾಡಿದಲ್ಲಿ, ಫೈಲಿನ ಒಡೆಯ, ಫೋಲ್ಡರಿನ ಒಡೆಯ ಮತ್ತು ಯಂತ್ರದ ಮೇಲ್ವಿಚಾರಕ ಇವರ ಹೊರತು ಬೇರಾರೂ ಅಳಿಸಲಾರರು.

ಬುಲೆಟಿನ್ನಿನ ಕೆಲಸ ಇನ್ನೊಂದು ಬಗೆಯದು. ಒಬ್ಬರು ಬೆರಳಚ್ಚು ಮಾಡಿದ್ದನ್ನು ಇನ್ನೊಬ್ಬರು ತಿದ್ದಬೇಕು. ಆ ಫೋಲ್ಡರನ್ನು 2770 ಮಾಡಿದರೆ ಅದರಲ್ಲಿ ಹುಟ್ಟುವ ಫೈಲುಗಳೆಲ್ಲ ಫೋಲ್ಡರಿನ ಗುಂಪಿಗೇ ಸೇರುತ್ತವೆ. ಆದರೂ “ತಿದ್ದಲಾಗುತ್ತಿಲ್ಲ” ಎಂಬ ದೂರು ಬರುವುದುಂಟು. ಹೊಸ ಫೈಲುಗಳಿಂದ ಯಾವ ಹಕ್ಕನ್ನು ಕಳೆಯಬೇಕೆಂದು ಹೇಳುವ ಯುಮಾಸ್ಕ್ ಎಂಬ ಅಂಕಿ ಅನೇಕ ಯಂತ್ರಗಳಲ್ಲಿ 022 ಆಗಿರುತ್ತದೆ. ಅದು ಗುಂಪಿನ ಬರೆಯುವ ಹಕ್ಕನ್ನು ಕಳೆದುಬಿಡುತ್ತದೆ. ಅದನ್ನು 007 ಮಾಡಬೇಕು. ಹೊಸಬರನ್ನು ಗುಂಪಿಗೆ ಸೇರಿಸಿದ ಮೇಲೆ ಅವರು ಒಮ್ಮೆ ಹೊರಬಂದು ಮತ್ತೆ ಲಾಗಿನ್ ಆಗುವುದೂ ಅಗತ್ಯ.

ಲಿನಕ್ಸ್ ಯಂತ್ರದ ಫೋಲ್ಡರನ್ನು ವಿಂಡೋಸ್ ಯಂತ್ರಗಳಿಗೆ ಕಾಣಿಸುವ ಸಾಂಬಾ ಎಂಬ ಉಚಿತ ತಂತ್ರಾಂಶವನ್ನು ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ ಆರಂಭಿಸಿದರು. (ನಮ್ಮ ಸಾಂಬಾರಿಗೂ ಇದಕ್ಕೂ ನಂಟಿಲ್ಲ.) ಜಾಲದ ಮೂಲಕ ಬರುವವನಿಗೆ ಎರಡು ಬಾಗಿಲುಗಳಿರುತ್ತವೆ: ಹಂಚಿಕೆಯ ನಿಯಮ ಒಂದು, ಫೈಲಿನ ಹಕ್ಕು ಇನ್ನೊಂದು. ಎರಡೂ ಒಪ್ಪಿದರೆ ಮಾತ್ರ ಪ್ರವೇಶ. ವಿಂಡೋಸಿನಲ್ಲಿಯೂ ಹಾಗೆಯೇ, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಆದರೆ ಆ ಯಂತ್ರದ ಮುಂದೆಯೇ ಕುಳಿತವನಿಗೆ ಹಂಚಿಕೆಯ ನಿಯಮ ತಗಲದು. ವಾಚನಾಲಯದ ಮೇಜಿನ ಮೇಲೆಯೇ ಯಂತ್ರವಿರುವಲ್ಲಿ ಫೈಲಿನ ಹಕ್ಕನ್ನೂ ಬಿಗಿಮಾಡದೆ ಗತ್ಯಂತರವಿಲ್ಲ.

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ವಿಂಡೋಸ್ ಯಂತ್ರಗಳಿಗೆ ಹರಡಿದ್ದು ಹಂಚಿಕೆಯ ಹಳೆಯ ಪದ್ಧತಿಯಾದ ಎಸ್‌ಎಂಬಿ 1ರಲ್ಲಿದ್ದ ದೋಷದ ಮೂಲಕ. ಹಳೆಯ ಯಂತ್ರಗಳಲ್ಲಿ ಅದು ಇನ್ನೂ ಚಾಲೂ ಇದ್ದರೆ ಆರಿಸಿಬಿಡಬೇಕು. ಗುಪ್ತಪದವಿಲ್ಲದ ಅತಿಥಿ ಪ್ರವೇಶವನ್ನೂ ಮುಚ್ಚುವುದು ಲೇಸು. ಊರು ಬಿಟ್ಟುಹೋದ ಕಾರ್ಯಕರ್ತರ ಹೆಸರನ್ನು ಗುಂಪಿನಿಂದ ತೆಗೆಯಲು ದಾಕ್ಷಿಣ್ಯಪಡಬೇಕಾಗಿಲ್ಲ. ವಾಚನಾಲಯದ ಬೀಗದ ಕೈಯನ್ನು ಅವರಿಂದ ಮರಳಿ ಪಡೆಯುತ್ತೇವಲ್ಲವೇ?